ಏಂಜಲ್ ಮೀನಿನ ಮೊಟ್ಟೆ ಬಿಳಿಯಾಗದೆ ಮರಿಯಾಗಬೇಕಾದರೆ

ಏಂಜಲ್ ಮೀನುಗಳು ಗಾಜಿನ ತೊಟ್ಟಿಯಲ್ಲಿ ಮೊಟ್ಟೆಯಿಡುವುದು ಅಪರೂಪವೇನಲ್ಲ. 8ರಿಂದ 12 ತಿಂಗಳಾದ ಐದಾರು ಮೀನುಗಳನ್ನು ಒಟ್ಟಿಗೆ ಬಿಟ್ಟು, ಚೆನ್ನಾಗಿ ತಿನ್ನಿಸಿ, ನೀರು ಚೊಕ್ಕವಾಗಿಟ್ಟರೆ ಅವು ತಾವೇ ಜೋಡಿಯಾಗುತ್ತವೆ. ಜೋಡಿ ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟಲು ಶುರುಮಾಡುತ್ತದೆ. ಕೆಲವು ದಿನಗಳಲ್ಲಿ ಫಿಲ್ಟರ್ ಕೊಳವೆಯ ಮೇಲೋ, ಹೀಟರ್ ಗಾಜಿನ ಮೇಲೋ, ಅಮೆಜಾನ್ ಸ್ವೋರ್ಡ್ ಗಿಡದ ಅಗಲವಾದ ಎಲೆಯ ಮೇಲೋ ಮೊಟ್ಟೆಗಳ ಸಾಲು ಕಾಣುತ್ತದೆ. ಒಂದು ಸಲಕ್ಕೆ 150ರಿಂದ 500, ದೊಡ್ಡ ಹೆಣ್ಣಾದರೆ ಇನ್ನೂ ಹೆಚ್ಚು. ತೊಂದರೆ ಶುರುವಾಗುವುದು ಆಮೇಲೆ. ಇಷ್ಟೊಂದು ಮೊಟ್ಟೆಯಲ್ಲಿ ಹತ್ತನೇ ದಿನಕ್ಕೆ ಒಂದೂ ಮರಿ ಉಳಿಯದಿರುವುದು ಹೊಸಬರಿಗೆ ತೀರಾ ಸಾಮಾನ್ಯ.

ನೀರು ಸರಿಯಿಲ್ಲ, ಜೋಡಿ ಸರಿಯಿಲ್ಲ, ಬೂಷ್ಟು ಬಂತು ಎಂದು ಎಲ್ಲದಕ್ಕೂ ಒಂದೇ ಕಾರಣ ಹುಡುಕುವವರೇ ಹೆಚ್ಚು. ನಿಜವಾದ ತೊಡಕು ಬೇರೆ. ಮೊದಲ ಎರಡು ಎರಡೂವರೆ ದಿನ ಮೊಟ್ಟೆ. ಒಡೆದ ಮೇಲೆ ಸುಮಾರು 5 ದಿನ ಅಂಟಿಕೊಂಡ ಜಾಗದಲ್ಲೇ ಬಾಲ ಬಡಿಯುವ ಹಂತ, ಹವ್ಯಾಸಿಗಳು ವಿಗ್ಲರ್ ಅನ್ನುವುದು ಇದನ್ನೇ. ಆಮೇಲೆ ಈಜುವ ಮರಿ. ಈ ಮೂರರಲ್ಲಿ ಒಂದು ಹಂತಕ್ಕೆ ಬೇಕಾದದ್ದು ಮುಂದಿನ ಹಂತಕ್ಕೆ ಹಾನಿ. ಮೊಟ್ಟೆಗೆ ಸೂಕ್ಷ್ಮಾಣುಗಳಿಲ್ಲದ ನೀರು ಬೇಕು. ಈಜುವ ಮರಿಗೆ ಸೂಕ್ಷ್ಮಾಣುಗಳು ನೆಲೆಯೂರಿದ ಫಿಲ್ಟರ್ ಬೇಕು. ಮೊಟ್ಟೆಗೆ ನೀರಿನ ಓಟ ಬೇಕು. ವಿಗ್ಲರ್‌ಗೆ ಅದೇ ಓಟ ಕಾಟ. ವಿಗ್ಲರ್ ಇರುವ ನೀರಿಗೆ ಆಹಾರ ಹಾಕಿದರೆ ಮರಿ ಸಾಯುತ್ತದೆ; ಈಜುವ ಮರಿಗೆ ಹಾಕದಿದ್ದರೆ ಸಾಯುತ್ತದೆ. ಹಾಗಾಗಿ ಹಂತ ಯಾವಾಗ ಬದಲಾಯಿತು ಎಂದು ಗುರುತಿಸಿ ಅದೇ ದಿನ ಕ್ರಮ ಬದಲಿಸುವುದೇ ಈ ಕೆಲಸದ ಮುಕ್ಕಾಲು ಪಾಲು.

ಮೊಟ್ಟೆ ಏಕೆ ಬಿಳಿಯಾಗುತ್ತದೆ

ಆರೋಗ್ಯವಂತ ಮೊಟ್ಟೆ ತಿಳಿ ಜೇನಿನ ಬಣ್ಣದ್ದು, ಆಚೆ ಬದಿ ಕಾಣುವಷ್ಟು ಪಾರದರ್ಶಕ, ಸುಮಾರು 1ರಿಂದ 1.5 ಮಿಲಿಮೀಟರ್ ಗಾತ್ರ. ಸತ್ತರೆ ಒಳಗಿನ ಪ್ರೋಟೀನ್ ಹೆಪ್ಪುಗಟ್ಟಿ ಸುಣ್ಣದಂತೆ ಬಿಳಿಯಾಗುತ್ತದೆ. 24 ಗಂಟೆಯೊಳಗೆ ಹತ್ತರಲ್ಲಿ ಒಂದೆರಡು ಹೀಗಾದರೆ ಚಿಂತೆ ಬೇಡ. ಎಲ್ಲವೂ ಒಟ್ಟಿಗೆ ಬಿಳಿಯಾದರೆ ಅವು ಫಲಿತವಾಗಿರಲೇ ಇಲ್ಲ ಎಂದರ್ಥ, ಅದಕ್ಕೆ ಯಾವ ಔಷಧಿಯೂ ಇಲ್ಲ.

ಫಲಿತವಾಗದಿರಲು ಎರಡು ಕಾರಣ ಮೊದಲು ನೋಡಬೇಕು. ಒಂದು, ಜೋಡಿಯಲ್ಲಿ ಎರಡೂ ಹೆಣ್ಣೇ ಆಗಿರುವುದು. ಏಂಜಲ್‌ಗಳಲ್ಲಿ ಇದು ನಡೆಯುತ್ತದೆ: ಎರಡು ಹೆಣ್ಣುಗಳು ಜೋಡಿಯಂತೆಯೇ ಜಾಗ ಸ್ವಚ್ಛಮಾಡಿ, ಕಾವಲು ಕಾದು, ಎರಡೂ ಮೊಟ್ಟೆಯಿಡುತ್ತವೆ. ಮೊಟ್ಟೆಯಿಡುವ ಹೊತ್ತಿಗೆ ಹೊಟ್ಟೆಯಡಿ ಇಳಿಯುವ ನಳಿಕೆ ನೋಡಿದರೆ ಗೊತ್ತಾಗುತ್ತದೆ. ಹೆಣ್ಣಿನದು ದಪ್ಪ, ಮೊಂಡು. ಗಂಡಿನದು ಸಣ್ಣ, ಚೂಪು. ಇನ್ನೊಂದು ಕಾರಣ, ರಭಸದ ಫಿಲ್ಟರ್. ಸಿಹಿನೀರಿಗೆ ಬಿದ್ದ ಮೀನಿನ ವೀರ್ಯ ಚುರುಕಾಗಿರುವುದು ತೀರಾ ಕಡಿಮೆ ಹೊತ್ತು. ಹೆಣ್ಣು ಒಂದು ಸಾಲು ಅಂಟಿಸಿದ ಬೆನ್ನಿಗೇ ಗಂಡು ಅದರ ಮೇಲೆ ಸಾಗುವುದು ಅದಕ್ಕೇ. ನೀರು ಜೋರಾಗಿ ಹರಿಯುತ್ತಿದ್ದರೆ ವೀರ್ಯ ಮೊಟ್ಟೆಗೆ ತಾಗುವ ಮೊದಲೇ ಕೊಚ್ಚಿಹೋಗುತ್ತದೆ. ಮೊಟ್ಟೆಯಿಡುವ ಆ ಒಂದೆರಡು ಗಂಟೆ ಫಿಲ್ಟರ್ ತಗ್ಗಿಸುವುದು ಸುಲಭದ ಪರಿಹಾರ.

ಫಲಿತವಾದ ಮೊಟ್ಟೆ ಸಾಯುವುದು ಬಹುತೇಕ ಉಸಿರಾಟದ ಕೊರತೆಯಿಂದ. ಮೊಟ್ಟೆಗೆ ಕಿವಿರಿಲ್ಲ, ಆಮ್ಲಜನಕ ಪೊರೆಯ ಮೂಲಕವೇ ಒಳಗಿಳಿಯಬೇಕು. ನಿಂತ ನೀರಿನಲ್ಲಿ ಮೊಟ್ಟೆಯ ಸುತ್ತಲಿನ ತೆಳು ಪದರದ ಆಮ್ಲಜನಕ ಬೇಗ ಖಾಲಿಯಾಗುತ್ತದೆ, ಹೊಸ ನೀರು ಬಂದು ಅದನ್ನು ಸರಿಸದಿದ್ದರೆ ಭ್ರೂಣದ ಉಸಿರು ಕಟ್ಟಿಹೋಗುತ್ತದೆ. ತಾಯಿ ತಂದೆ ಮೀನುಗಳು ಸರದಿಯಲ್ಲಿ ರೆಕ್ಕೆ ಬೀಸುವುದು ಈ ಪದರ ಕದಡಲೆಂದೇ. ಬೂಷ್ಟು ಬರುವುದು ಆಮೇಲೆ. ಸ್ಯಾಪ್ರೊಲೆಗ್ನಿಯಾ ಎಂಬ ನೀರುಬೂಷ್ಟು ಮೊದಲು ಹಿಡಿಯುವುದು ಸತ್ತ ಮೊಟ್ಟೆಯನ್ನು. ಅಲ್ಲಿ ಬೆಳೆದ ಎಳೆಗಳು ಪಕ್ಕದ ಜೀವಂತ ಮೊಟ್ಟೆಗಳನ್ನು ಸುತ್ತಿಕೊಂಡು ಉಸಿರುಗಟ್ಟಿಸುತ್ತವೆ. ಅಂದರೆ ಒಂದು ಬಿಳಿ ಮೊಟ್ಟೆ ತಾನಷ್ಟೇ ಹೋಗುವುದಿಲ್ಲ, ಸುತ್ತಲಿನವನ್ನೂ ಕರೆದೊಯ್ಯುತ್ತದೆ.

ತಾಯಿ ತಂದೆ ಬಳಿ ಬಿಡುವುದೋ, ತೆಗೆಯುವುದೋ

ಮರಿಗಳ ಹಿಂಡನ್ನು ಏಂಜಲ್ ಜೋಡಿ ಕಾಯುತ್ತಾ ತಿರುಗುವುದು ನೋಡಲು ಚೆಂದ, ಸಂಶಯವಿಲ್ಲ. ಒಡೆಯುವ ಹೊತ್ತಿಗೆ ಅವು ಮೊಟ್ಟೆಗಳನ್ನು ಬಾಯಲ್ಲಿ ಮೆಲ್ಲಗೆ ಅಗಿದು ಮರಿ ಬಿಡಿಸುತ್ತವೆ, ವಿಗ್ಲರ್‌ಗಳನ್ನು ಬಾಯಲ್ಲೇ ಹೊತ್ತು ಒಂದೆಲೆಯಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಆದರೆ ಮೊದಲ ಕೆಲವು ಸಲ ಬಹುತೇಕ ಜೋಡಿಗಳು ಮೊಟ್ಟೆಗಳನ್ನು ತಿಂದುಬಿಡುತ್ತವೆ. ಅದೇ ತೊಟ್ಟಿಯಲ್ಲಿ ಬೇರೆ ಮೀನುಗಳಿದ್ದರೆ, ಎದುರಿಗೆ ಜನರ ಓಡಾಟವಿದ್ದರೆ, ರಾತ್ರಿ ದಿಢೀರನೆ ದೀಪ ಆರಿಸಿದರೆ ಅಪಾಯ ಇನ್ನೂ ಹೆಚ್ಚು. ಜೋಡಿಗೆ ಪ್ರತ್ಯೇಕವಾಗಿ 80ರಿಂದ 100 ಲೀಟರಿನ ತೊಟ್ಟಿ ಕೊಡಲು ಸಾಧ್ಯವಿದ್ದರೆ ಮೊದಲ ಮೂರ್ನಾಲ್ಕು ಸಲ ಅವುಗಳ ಪಾಡಿಗೆ ಬಿಡಿ, ಎಷ್ಟೋ ಜೋಡಿಗಳು ಕಲಿಯುತ್ತವೆ. ಏಂಜಲ್‌ಗಳು ಎರಡು ವಾರಕ್ಕೊಮ್ಮೆ ಮೊಟ್ಟೆಯಿಡಬಲ್ಲವಾದ್ದರಿಂದ ನಷ್ಟ ದೊಡ್ಡದಲ್ಲ. ಎಲ್ಲ ಮೀನುಗಳೂ ಇರುವ ಸಾಮಾನ್ಯ ತೊಟ್ಟಿಯಾದರೆ ತೆಗೆಯುವುದೊಂದೇ ದಾರಿ.

ತೆಗೆಯುವುದಾದರೆ ಮೊದಲೇ ಯೋಚಿಸಿ ಮೊಟ್ಟೆಯಿಡುವ ಜಾಗ ನೀವೇ ಒದಗಿಸಬೇಕು. 5ರಿಂದ 8 ಸೆಂಟಿಮೀಟರ್ ಅಗಲದ ಸ್ಲೇಟ್ ಕಲ್ಲಿನ ತುಂಡನ್ನೋ, ಒಂದಡಿ ಉದ್ದದ ಪಿವಿಸಿ ಪೈಪನ್ನೋ ಗಾಜಿಗೆ ಒರಗಿಸಿ ಓರೆಯಾಗಿ ನಿಲ್ಲಿಸಿದರೆ ಸಾಕು. ಮೊಟ್ಟೆ ಇಟ್ಟು ಮುಗಿದು ಎರಡು ಮೂರು ಗಂಟೆ ಬಿಟ್ಟು ಸ್ಥಳಾಂತರಿಸಿ. ನೀರಿನೊಳಗೇ ಒಂದು ಡಬ್ಬ ಮುಳುಗಿಸಿ, ಸ್ಲೇಟನ್ನು ಅದರೊಳಗೆ ಸರಿಸಿ, ನೀರಿನ ಸಮೇತ ಎತ್ತಿದರೆ ಮೊಟ್ಟೆಗೆ ಗಾಳಿಯೂ ತಾಗುವುದಿಲ್ಲ. ಕೆಲವು ಸೆಕೆಂಡು ಗಾಳಿ ತಾಗಿದರೆ ಸಾಯುವುದಿಲ್ಲ, ಆದರೂ ಎಚ್ಚರ ಒಳ್ಳೆಯದು. ಹೀಟರ್ ಮೇಲೆಯೇ ಇಟ್ಟಿದ್ದರೆ ಹೀಟರ್ ಆರಿಸಿ, 15 ನಿಮಿಷ ತಣಿಯಲು ಬಿಟ್ಟು ಅದನ್ನೇ ಎತ್ತಿ ಸಾಗಿಸಬೇಕು, ಬೇರೆ ಉಪಾಯವಿಲ್ಲ.

ಮೊದಲ ಹಂತದ ನೀರು

10 ಲೀಟರ್ ಹಿಡಿಯುವ ಸಣ್ಣ ಗಾಜಿನ ತೊಟ್ಟಿ ಸಾಕು. ತಳಕ್ಕೆ ಮರಳು, ಕಲ್ಲು, ಗಿಡ ಏನೂ ಬೇಡ. ಗಿಡಗಳ ಜೊತೆ ಹೈಡ್ರಾ ಎಂಬ ಪುಟ್ಟ ಜೀವಿ ಬರುತ್ತದೆ, ಅದು ಮರಿಗಳನ್ನೇ ಹಿಡಿದು ತಿನ್ನುತ್ತದೆ. ಬಸವನಹುಳುಗಳಲ್ಲಿ ಕೆಲವು ಮೊಟ್ಟೆ ಮೇಯುತ್ತವೆ.

ನೀರು ಮೃದುವಾಗಿರಬೇಕು. ಏಂಜಲ್‌ಗಳ ಮೂಲ ಅಮೆಜಾನ್ ನದಿಬಯಲು, ಅಲ್ಲಿನ ನೀರಿನಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ತಲೆಮಾರುಗಳಿಂದ ತೊಟ್ಟಿಯಲ್ಲೇ ಬೆಳೆದ ಇಂದಿನ ಏಂಜಲ್‌ಗಳು ಗಡಸು ನೀರಿನಲ್ಲೂ ಆರಾಮವಾಗಿ ಬದುಕುತ್ತವೆ, ಮೊಟ್ಟೆಯನ್ನೂ ಇಡುತ್ತವೆ; ಆದರೆ ಒಡೆಯುವ ಪ್ರಮಾಣ ಮಾತ್ರ ಇಳಿಯುತ್ತದೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ, 100ರಿಂದ 150ರ ನಡುವೆ ಇಟ್ಟುಕೊಳ್ಳುವುದು ಒಳ್ಳೆಯ ಗುರಿ. ಬೋರ್‌ವೆಲ್ ನೀರು 600 ತೋರಿಸುತ್ತಿದ್ದು, ಅಡುಗೆಮನೆಯ ಆರ್‌ಒ ಯಂತ್ರದ ನೀರು 30 ಇದ್ದರೆ 2 ಲೀಟರ್ ಬೋರ್‌ವೆಲ್‌ಗೆ 8 ಲೀಟರ್ ಆರ್‌ಒ ಬೆರೆಸಿದಾಗ 144 ಬರುತ್ತದೆ. ಬರೀ ಆರ್‌ಒ ನೀರು ಬೇಡ. ಅದರಲ್ಲಿ ಪಿಎಚ್ ಹಿಡಿದಿಡುವ ಕಾರ್ಬೊನೇಟ್ ಇಲ್ಲದ್ದರಿಂದ ಒಂದೇ ರಾತ್ರಿಯಲ್ಲಿ ಪಿಎಚ್ ಕುಸಿಯಬಹುದು. ಟಿಡಿಎಸ್ ಮೀಟರ್ ಎಲ್ಲ ಲವಣಗಳನ್ನೂ ಒಟ್ಟಾಗಿ ಅಳೆಯುತ್ತದೆಯೇ ಹೊರತು ಗಡಸುತನವನ್ನಷ್ಟೇ ಅಲ್ಲ ಎಂಬುದು ನೆನಪಿರಲಿ. ಅಯಾನು ವಿನಿಮಯದ ಸಾಫ್ಟ್‌ನರ್ ಹಾಕಿಸಿದ ಮನೆಗಳಲ್ಲಿ ನೀರು ಮೃದುವಾದರೂ ಸೋಡಿಯಂ ಸೇರಿಕೊಳ್ಳುವುದರಿಂದ ಟಿಡಿಎಸ್ ಇಳಿದಿರುವುದಿಲ್ಲ.

ಬೆಂಗಳೂರಿನ ಕಾವೇರಿ ನೀರಿನಂಥ ನಲ್ಲಿನೀರಾದರೆ ಕ್ಲೋರಿನ್ ತೆಗೆಯಬೇಕು. ಬಾಯ್ದೆರೆದ ಬಕೆಟ್‌ನಲ್ಲಿ ಏರ್‌ಸ್ಟೋನ್ (ಏರ್ ಪಂಪ್ ಕೊಳವೆಯ ತುದಿಗೆ ಸಿಕ್ಕಿಸುವ, ಸಣ್ಣ ಗುಳ್ಳೆ ಬಿಡುವ ಕಲ್ಲು) ಹಾಕಿ 24 ಗಂಟೆ ಬಿಟ್ಟರೆ ಹೋಗುತ್ತದೆ. ಅವಸರವಿದ್ದರೆ ಅಂಗಡಿಗಳಲ್ಲಿ ಸಿಗುವ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳು: 100 ಮಿಲಿ ನೀರಿಗೆ 10 ಗ್ರಾಂ ಕರಗಿಸಿಟ್ಟುಕೊಂಡು 20 ಲೀಟರಿಗೆ 3 ಮಿಲಿ. ಅಮೆರಿಕ, ಬ್ರಿಟನ್‌ಗಳಲ್ಲಿರುವವರು ಊರಿನ ಅಭ್ಯಾಸದಂತೆ ಬಕೆಟ್ ನಂಬಬಾರದು. ಅಲ್ಲಿನ ಹಲವು ನಗರಗಳಲ್ಲಿ ಬಳಸುವುದು ಕ್ಲೋರಮೈನ್. ಅದು ಗಾಳಿಯಾಡಿಸಿದರೆ ಹೋಗುವುದಿಲ್ಲ, ಅದಕ್ಕೆಂದೇ ತಯಾರಾದ ಕಂಡಿಷನರ್ ಬೇಕು.

ಉಷ್ಣತೆ 27ರಿಂದ 28 ಡಿಗ್ರಿ. ಈ ಬಿಸಿಯಲ್ಲಿ 48ರಿಂದ 60 ಗಂಟೆಗೆ ಮೊಟ್ಟೆ ಒಡೆಯುತ್ತದೆ. 24ಕ್ಕೆ ಇಳಿದರೆ ತಡವಾಗುತ್ತದೆ, ತಡವಾದಷ್ಟೂ ಬೂಷ್ಟಿಗೆ ಸಮಯ ಸಿಗುತ್ತದೆ. 31ರ ಮೇಲೆ ಹೋದರೆ ಭ್ರೂಣದ ಬೆಳವಣಿಗೆ ಓಡುತ್ತದೆ, ಆಮ್ಲಜನಕದ ಬೇಡಿಕೆ ಏರುತ್ತದೆ, ನೀರಿನಲ್ಲಿ ಕರಗುವ ಆಮ್ಲಜನಕ ಮಾತ್ರ ಇಳಿಯುತ್ತದೆ. ಬಾಗಿದ ಬೆನ್ನಿನ ಮರಿಗಳು ಹೆಚ್ಚುತ್ತವೆ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಬೆಂಗಳೂರು, ಮೈಸೂರು, ಮಡಿಕೇರಿ ಕಡೆ ಹೀಟರ್ ಇಲ್ಲದೆ ಆಗದು. 10 ಲೀಟರಿಗೆ 25 ವ್ಯಾಟ್ ಸಾಕು. ಕರಾವಳಿಯಲ್ಲಿ ವರ್ಷದ ಬಹುಭಾಗ ಅದು ಬೇಕಿಲ್ಲ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಂತೂ ಈ ಸಾಹಸವನ್ನೇ ಮುಂದೂಡುವುದು ಜಾಣತನ. ಹೀಟರಿನ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ, ಪ್ರತ್ಯೇಕ ಥರ್ಮಾಮೀಟರ್ ಇರಲಿ. ಸಣ್ಣ ತೊಟ್ಟಿಯನ್ನೇ ದೊಡ್ಡ ತೊಟ್ಟಿಯ ನೀರಿನಲ್ಲಿ ಅರ್ಧ ಮುಳುಗುವಂತೆ ಇರಿಸುವ ಅನುಕೂಲವಿದ್ದರೆ ಅದಕ್ಕಿಂತ ಸ್ಥಿರವಾದ ವ್ಯವಸ್ಥೆ ಇಲ್ಲ. ಕರೆಂಟ್ ಹೋದರೂ ಗಂಟೆಗಟ್ಟಲೆ ಬಿಸಿ ಉಳಿಯುತ್ತದೆ.

ಸ್ಲೇಟನ್ನು ಮೊಟ್ಟೆಯಿರುವ ಮುಖ ಸ್ವಲ್ಪ ಕೆಳಗೆ ಬಾಗುವಂತೆ ಒರಗಿಸಿ. ಕಸ ಮೊಟ್ಟೆಯ ಮೇಲೆ ಕೂರುವುದಿಲ್ಲ. ಏರ್‌ಸ್ಟೋನ್ ಅದರಿಂದ 3ರಿಂದ 5 ಸೆಂಟಿಮೀಟರ್ ದೂರ ಇರಲಿ. ಗುಳ್ಳೆಗಳು ಮೊಟ್ಟೆಗೆ ನೇರವಾಗಿ ಬಡಿಯಬಾರದು, ಅವು ಎಬ್ಬಿಸುವ ನೀರು ಮೊಟ್ಟೆಗಳ ಮೇಲೆ ಸಾಗುತ್ತಿರಬೇಕು. ಈ ದೂರ ಹೊಂದಿಸುವುದರಲ್ಲೇ ಅರ್ಧ ಫಲಿತಾಂಶ ನಿಂತಿದೆ, ಔಷಧಿಗಿಂತ ಇದು ಮುಖ್ಯ.

ಔಷಧಿ ಎಂದರೆ ಮಿಥಿಲೀನ್ ಬ್ಲೂ, ಲೀಟರಿಗೆ 2 ಮಿಲಿಗ್ರಾಂ. 1 ಗ್ರಾಂ ಪುಡಿಯನ್ನು 100 ಮಿಲಿ ನೀರಿನಲ್ಲಿ ಕರಗಿಸಿದರೆ ಪ್ರತಿ ಮಿಲಿಯಲ್ಲಿ 10 ಮಿಲಿಗ್ರಾಂ. 10 ಲೀಟರಿಗೆ ಅದರ 2 ಮಿಲಿ. ಅಂಗಡಿಯ ಬಾಟಲಿಗಳ ಸಾಂದ್ರತೆ ಒಂದೊಂದೂ ಒಂದೊಂದು ರೀತಿ, ಲೇಬಲ್‌ನಲ್ಲಿ ಶೇಕಡಾವಾರು ಬರೆದಿರದಿದ್ದರೆ ಕೊಳ್ಳಬೇಡಿ. ಹನಿಗಳ ಲೆಕ್ಕವೂ ಬೇಡ, ಸಿರಿಂಜ್ ಬಳಸಿ. ಬಣ್ಣ ಬೆಳಕಿಗೆ ಮಾಸುವುದರಿಂದ ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರವಿಡಿ. ಇದು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ ಈ ಹಂತದಲ್ಲಿ ಸ್ಪಾಂಜ್ ಫಿಲ್ಟರ್ ಹಾಕಲೇಬಾರದು. ಎಷ್ಟೋ ಜನ ಎರಡನ್ನೂ ಒಟ್ಟಿಗೆ ಹಾಕಿ, ಎಂಟನೇ ದಿನ ಫಿಲ್ಟರ್ ಇದ್ದರೂ ಮರಿ ಯಾಕೆ ಸತ್ತವು ಎಂದು ತಲೆ ಕೆರೆದುಕೊಳ್ಳುತ್ತಾರೆ.

ನೀಲಿ ಬಣ್ಣ ಬೇಡವೆನ್ನುವವರು ಬಾದಾಮಿ ಎಲೆ ಬಳಸುತ್ತಾರೆ. ನಮ್ಮ ರಸ್ತೆಬದಿಗಳಲ್ಲಿ ಛತ್ರಿಯಂತೆ ಹರಡುವ ಕಾಡುಬಾದಾಮಿ ಮರದ ತಾನಾಗಿ ಉದುರಿದ ಒಣ ಎಲೆ ಅದು. ತೊಳೆದು, ಕುದಿಸಿ, 10 ಲೀಟರಿಗೆ ಅರ್ಧ ಎಲೆ. ಅದರ ಟ್ಯಾನಿನ್‌ಗೆ ಬೂಷ್ಟು ತಡೆಯುವ ಗುಣ ಇರುವುದು ಹೌದು, ಆದರೆ ಮಿಥಿಲೀನ್ ಬ್ಲೂಗೆ ಸಮನಲ್ಲ. ಬಿಳಿ ಮೊಟ್ಟೆಗಳು ಬೆರಳೆಣಿಕೆಯಷ್ಟಿದ್ದರೆ ಎಲೆ ಸಾಕು, ಕಾಲುಭಾಗ ಬಿಳಿಯಾಗಿದ್ದರೆ ಸಾಲದು.

ಬಿಳಿಯಾದವನ್ನು ಹೆಕ್ಕಿ ತೆಗೆಯಬೇಕೇ? ಬಿಡಿಬಿಡಿಯಾಗಿದ್ದರೆ ಹೌದು, ತುದಿ ಮೊಂಡಾದ ಸೂಜಿಯಿಂದ ಅಥವಾ ಡ್ರಾಪರ್‌ನಿಂದ. ಒತ್ತೊತ್ತಾಗಿದ್ದರೆ ಕೈ ಹಾಕಬೇಡಿ. ಒಂದು ತೆಗೆಯಲು ಹೋಗಿ ಪಕ್ಕದ ನಾಲ್ಕನ್ನು ಒಡೆಯುವುದು ಖಚಿತ, ನೀಲಿ ಬಣ್ಣ ಇರುವಾಗ ಆ ಸಾಹಸ ಬೇಕಿಲ್ಲ.

ಬಾಲ ಬಡಿಯುವ ದಿನಗಳು

ಎರಡನೇ ದಿನದ ಕೊನೆಗೆ ಲೆನ್ಸ್ ಹಿಡಿದು ನೋಡಿದರೆ ಪೊರೆಯೊಳಗೆ ಬಾಲ ಮಿಡಿಯುವುದು ಕಾಣುತ್ತದೆ, ಕೆಲವೇ ಗಂಟೆಗಳಲ್ಲಿ ಬಾಲ ಹೊರಬರುತ್ತದೆ. ತಲೆಯ ಮೇಲಿನ ಅಂಟುಗ್ರಂಥಿಯಿಂದ ಹೊರಟ ಎಳೆಗಳಲ್ಲಿ ನೇತಾಡುತ್ತಾ ಮರಿಗಳು ಗೊಂಚಲಾಗುತ್ತವೆ. ಕೆಲವು ತಳಕ್ಕೆ ಬೀಳುತ್ತವೆ. ಬಾಲ ಆಡುತ್ತಿರುವವರೆಗೆ ಅವಕ್ಕೇನೂ ಆಗಿಲ್ಲ.

ಈಗ ಮೊದಲ ತಿರುವು. ಒಡೆದ ಮೊಟ್ಟೆಗಳ ಪೊರೆ ಮತ್ತು ಅದರೊಳಗಿನ ದ್ರವದಿಂದ ನೀರು ಬೇಗ ಕೆಡುತ್ತದೆ, ಮೇಲೆ ಎಣ್ಣೆಯಂಥ ಪದರ ಕಟ್ಟುತ್ತದೆ. ಬಹುಪಾಲು ಒಡೆದ ದಿನ ಅರ್ಧ ನೀರು, ಮರುದಿನ ಮತ್ತರ್ಧ, ಹೀಗೆ ಮೂರು ದಿನ ಬದಲಿಸಿದರೆ ನೀಲಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಹೊಸ ನೀರಿನ ಬಿಸಿ, ಟಿಡಿಎಸ್ ಎರಡೂ ಹಳೆಯದರಷ್ಟೇ ಇರಬೇಕು. ಮೇಲಿನ ಪದರವನ್ನು ಅಡುಗೆ ಟಿಶ್ಯೂ ಹಾಸಿ ಎಳೆದು ತೆಗೆಯಬಹುದು. ಗಾಳಿ ತಗ್ಗಿಸಿ, ಗುಳ್ಳೆ ಎಣಿಸಬಹುದಾದಷ್ಟು ನಿಧಾನಕ್ಕೆ. ಗೊಂಚಲು ಅಲುಗಬೇಕು, ಚದುರಬಾರದು.

ಆಹಾರ ಬೇಡ. ಹೊಟ್ಟೆಯಡಿ ಹಳದಿ ಚೀಲ ಕಾಣುವವರೆಗೆ ಅದೇ ಊಟ, ಬಾಯಿ ಕೂಡ ಇನ್ನೂ ಪೂರ್ತಿ ತೆರೆದಿರುವುದಿಲ್ಲ. ಪಾಪ ಎಂದು ಉದುರಿಸಿದ ಪುಡಿ, ಮೊಟ್ಟೆಯ ಹಳದಿ ನೀರಿನಲ್ಲಿ ಕೊಳೆತು ಬ್ಯಾಕ್ಟೀರಿಯಾ ಉಕ್ಕುತ್ತದೆ, ನೀರು ಹಾಲಿನಂತೆ ಮಂಕಾಗುತ್ತದೆ, ಬೆಳಗಾಗುವುದರೊಳಗೆ ಎಲ್ಲ ಮುಗಿದಿರುತ್ತದೆ. ಹತ್ತಿಯಂಥ ಬೂಷ್ಟಿನ ಉಂಡೆಗಳೇನಾದರೂ ಉಳಿದಿದ್ದರೆ ಅವನ್ನು ತೆಗೆಯುವುದೊಂದೇ ಈ ದಿನಗಳ ಕೆಲಸ.

ಈ ಬಿಡುವಿನಲ್ಲಿ ಎರಡು ತಯಾರಿ ಆಗಬೇಕು. ನೀಲಿ ಬಹುತೇಕ ಹೋದ ಮೇಲೆ, ಅಂದರೆ ಒಡೆದ ನಾಲ್ಕನೇ ದಿನದ ಸುಮಾರಿಗೆ, ದೊಡ್ಡ ತೊಟ್ಟಿಯಲ್ಲಿ ಕನಿಷ್ಠ ಒಂದು ತಿಂಗಳಿನಿಂದ ಓಡುತ್ತಿರುವ ಸ್ಪಾಂಜ್ ಫಿಲ್ಟರನ್ನು ಇಲ್ಲಿಗೆ ತರಬೇಕು. ಹೊಸ ಸ್ಪಾಂಜ್ ತಂದರೆ ಬರೀ ಸ್ಪಾಂಜ್. ಅಮೋನಿಯ ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಮೊಟ್ಟೆಯ ಯೋಚನೆ ಬಂದ ದಿನವೇ ಹಳೆಯ ತೊಟ್ಟಿಯಲ್ಲೊಂದು ಹೆಚ್ಚುವರಿ ಸ್ಪಾಂಜ್ ಓಡಿಸಲು ಶುರುಮಾಡಿ. ಇನ್ನೊಂದು ತಯಾರಿ ಆರ್ಟೀಮಿಯಾ, ಅಂದರೆ ಮರಿಗಳಿಗೆ ಊಟವಾಗುವ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ.

ಜೀವಂತ ಆಹಾರ

ಏಂಜಲ್ ಮರಿಯ ಬಾಯಿ ದೊಡ್ಡದು. ಹೊಸದಾಗಿ ಒಡೆದ ಆರ್ಟೀಮಿಯಾ ಮರಿ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇರುತ್ತದೆ, ಅದನ್ನು ಮೊದಲ ದಿನವೇ ನುಂಗುತ್ತದೆ. ಇದಕ್ಕೆ ಸಾಟಿಯಾದ ಬೇರೆ ಆಹಾರವಿಲ್ಲ. ಮರಿಗಳು ಕಚ್ಚುವುದು ಚಲಿಸುವುದನ್ನು. ತೇಲುವ ಪುಡಿ ಎಷ್ಟೇ ಪೌಷ್ಟಿಕವಾಗಿದ್ದರೂ ಮೊದಲ ವಾರ ಅದರ ಕಡೆ ತಿರುಗಿಯೂ ನೋಡದ ಮರಿಗಳೇ ಹೆಚ್ಚು.

ಒಂದು ಲೀಟರಿನ ತಂಪುಪಾನೀಯದ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿದು ತಲೆಕೆಳಗಾಗಿ ನಿಲ್ಲಿಸಿ. ಅರ್ಧ ಲೀಟರ್ ನೀರಿಗೆ 13ರಿಂದ 15 ಗ್ರಾಂ ಅಯೋಡಿನ್ ಬೆರೆಸದ ಕಲ್ಲುಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಸೋಡಾ ಹಾಕುವುದು ಪಿಎಚ್ 8ರ ಮೇಲಿರಲೆಂದು. ಆರ್‌ಒ ನೀರು ಬಳಸಿ ಸೋಡಾ ಮರೆತರೆ ಸಿಸ್ಟ್‌ಗಳು, ಅಂದರೆ ಡಬ್ಬದಲ್ಲಿ ಸಿಗುವ ಆರ್ಟೀಮಿಯಾದ ಒಣ ಮೊಟ್ಟೆಗಳು, ಸರಿಯಾಗಿ ಒಡೆಯುವುದಿಲ್ಲ. ಕಾಲು ಟೀ ಚಮಚ ಸಿಸ್ಟ್ ಹಾಕಿ, ಏರ್ ಕೊಳವೆಯನ್ನು ಕತ್ತಿನ ತನಕ ಇಳಿಸಿ, ತಳದಲ್ಲಿ ಏನೂ ಕೂರದಂತೆ ಜೋರಾಗಿ ಗಾಳಿ ಬಿಡಿ. ಏರ್‌ಸ್ಟೋನ್ ಬೇಡ, ಅದರ ಸಣ್ಣ ಗುಳ್ಳೆಗಳು ನೊರೆ ಎಬ್ಬಿಸಿ ಸಿಸ್ಟ್‌ಗಳನ್ನು ಗೋಡೆಗೆ ಹತ್ತಿಸುತ್ತವೆ. ಮೊದಲ ಕೆಲವು ಗಂಟೆ ಬೆಳಕು ಬೀಳಬೇಕು. 28 ಡಿಗ್ರಿಯಲ್ಲಿ 18ರಿಂದ 24 ಗಂಟೆ, ಚಳಿಯಿದ್ದರೆ 36.

ಕಿತ್ತಳೆ ಬಣ್ಣ ತಿರುಗಿದಾಗ ಗಾಳಿ ನಿಲ್ಲಿಸಿ 10 ನಿಮಿಷ ಬಿಡಿ. ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಒಡೆಯದ ಸಿಸ್ಟ್ ತಳಕ್ಕೆ ಇಳಿಯುತ್ತದೆ, ಮರಿಗಳು ಬೆಳಕಿನತ್ತ ಗುಂಪುಗೂಡುತ್ತವೆ. ಕತ್ತಿನ ಬಳಿ ಟಾರ್ಚ್ ಹಿಡಿದು ಸಣ್ಣ ಕೊಳವೆಯಿಂದ ಮಧ್ಯದ ಮರಿಗಳನ್ನಷ್ಟೇ ಎಳೆದು, ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆಯಿರಿ. ಚಿಪ್ಪುಗಳು ಜೊತೆಗೆ ಹೋದರೆ ಮೀನುಮರಿಗಳ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತವೆ. ಒಡೆದ ಮೊದಲ ಕೆಲವು ಗಂಟೆ ಆರ್ಟೀಮಿಯಾ ಮರಿಗಳು ಏನೂ ತಿನ್ನದೆ ತಮ್ಮದೇ ಹಳದಿಯ ಮೇಲೆ ಬದುಕುವುದರಿಂದ ಅವುಗಳ ಪೌಷ್ಟಿಕತೆ ಗಂಟೆಗಂಟೆಗೂ ಇಳಿಯುತ್ತದೆ. ಕೂಡಲೇ ತಿನ್ನಿಸಿ, ಉಳಿದದ್ದನ್ನು ಸ್ವಲ್ಪ ಉಪ್ಪುನೀರಿನಲ್ಲಿ ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಮುಗಿಸಿ. 12 ಗಂಟೆ ಅಂತರದಲ್ಲಿ ಎರಡು ಬಾಟಲಿ ಓಡಿಸಿದರೆ ಎಂದಿಗೂ ಕೊರತೆಯಾಗದು. ಸಿಸ್ಟ್ ಡಬ್ಬ ತೇವ ಹೀರಿದರೆ ಕೆಲಸಕ್ಕೆ ಬಾರದು; ಗಾಳಿಯಾಡದಂತೆ ಮುಚ್ಚಿ ಫ್ರಿಜ್‌ನಲ್ಲಿಡಿ.

ಮೊದಲ ಬಾಟಲಿ ಹಾಕಬೇಕಾದದ್ದು ಮರಿ ಈಜುವ ದಿನವಲ್ಲ, ಅದಕ್ಕೆ ಒಂದೂವರೆ ದಿನ ಮೊದಲು. ಈಜಿದ ಮೇಲೆ ಅಂಗಡಿಗೆ ಓಡಿದರೆ ಆರ್ಟೀಮಿಯಾ ಸಿದ್ಧವಾಗುವ ಹೊತ್ತಿಗೆ ಮರಿಗಳು ತಿನ್ನುವ ತ್ರಾಣ ಕಳೆದುಕೊಂಡಿರುತ್ತವೆ. ಚರಂಡಿ ನೀರಿನಲ್ಲಿ ಬೆಳೆದ ಟ್ಯೂಬಿಫೆಕ್ಸ್ ಹುಳುಗಳನ್ನು ಕತ್ತರಿಸಿ ಕೊಡುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಈ ವಯಸ್ಸಿನ ಮರಿಗೆ ಅದು ರೋಗ ತಿನ್ನಿಸಿದಂತೆ.

ಈಜಿದ ಮೇಲೆ

ಒಡೆದ ಸುಮಾರು ಐದನೇ ದಿನ ಒಂದೊಂದೇ ಮರಿ ಗೊಂಚಲಿನಿಂದ ಬಿಡಿಸಿಕೊಂಡು ಚಿಮ್ಮುತ್ತದೆ, ಮತ್ತೆ ಬೀಳುತ್ತದೆ. ಅರ್ಧಕ್ಕಿಂತ ಹೆಚ್ಚು ಮರಿಗಳು ಅಡ್ಡಡ್ಡಲಾಗಿ ಈಜುತ್ತಾ ನಿಂತಾಗ ಮೊದಲ ಊಟ ಕೊಡಿ. 15 ನಿಮಿಷದಲ್ಲಿ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದವು ಎಂದರ್ಥ. ದಿನಕ್ಕೆ ನಾಲ್ಕರಿಂದ ಆರು ಸಲ, ಪ್ರತಿ ಸಲವೂ ಒಂದು ಗಂಟೆಯೊಳಗೆ ಮುಗಿಯುವಷ್ಟು. ಆರ್ಟೀಮಿಯಾ ಸಿಹಿನೀರಿನಲ್ಲಿ ಕೆಲವು ಗಂಟೆ ಬದುಕಿ ಆಮೇಲೆ ಸತ್ತು ತಳ ಸೇರುತ್ತದೆ. ಮೊದಲ ಮೂರ್ನಾಲ್ಕು ರಾತ್ರಿ ಮಂದ ದೀಪ ಇರಲಿ, ಮರಿಗಳು ಚದುರಿ ಉಳಿದು ತಿನ್ನುತ್ತವೆ.

ಈಗಿನಿಂದ ಶತ್ರು ಬೂಷ್ಟಲ್ಲ, ಅಮೋನಿಯ. ಇನ್ನೂರು ಮರಿಗಳ ಮಲ ಮತ್ತು ಸತ್ತ ಆರ್ಟೀಮಿಯಾ 10 ಲೀಟರಿನಲ್ಲಿ ಸೇರುತ್ತಿದೆ. ದಿನವೂ ಊಟದ ಒಂದು ಗಂಟೆಯ ನಂತರ ತಳದ ಕಸವನ್ನು ಏರ್ ಕೊಳವೆಯ ಸೈಫನ್‌ನಿಂದ ಬಿಳಿ ಬಕೆಟ್‌ಗೆ ಎಳೆಯಿರಿ. ಬಿಳಿ ಯಾಕೆಂದರೆ ಜೊತೆಗೆ ಬಂದ ಮರಿಗಳು ಅದರಲ್ಲಿ ಕಾಣುತ್ತವೆ, ಡ್ರಾಪರ್‌ನಲ್ಲಿ ಹಿಡಿದು ವಾಪಸ್ ಬಿಡಬಹುದು. ಪ್ರತಿದಿನ ಮೂರನೇ ಒಂದರಿಂದ ಅರ್ಧದಷ್ಟು ನೀರು ಬದಲಾಗಬೇಕು. ಹೊಸ ನೀರನ್ನು ಕೊಳವೆಗೆ ಸಡಿಲ ಗಂಟು ಹಾಕಿ ಹನಿಹನಿಯಾಗಿ ಇಳಿಸಿ.

ಇಲ್ಲೊಂದು ಬಲೆ ಇದೆ. ನೀರು ಬದಲಿಸಿದ ಮೇಲೆಯೇ ಮರಿಗಳು ಸತ್ತವು ಎನ್ನುವವರ ಮಾತು ಸುಳ್ಳಲ್ಲ. ಅಮೋನಿಯ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಹೆಚ್ಚು ಹಾನಿ ಮಾಡದ ಅಮೋನಿಯಂ, ಕಿವಿರನ್ನು ಸುಡುವ ಅಮೋನಿಯ. 28 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ವಿಷರೂಪದ್ದು ಒಟ್ಟಿನ ಶೇ 0.7ರಷ್ಟು ಮಾತ್ರ, ಪಿಎಚ್ 8 ಆದರೆ ಶೇ 6.5ರಷ್ಟು. ಮೂರು ದಿನ ನೀರು ಬದಲಿಸದೆ ಕೂಡಿಟ್ಟ ಅಮೋನಿಯಂ ಇರುವ ತೊಟ್ಟಿಗೆ ಒಮ್ಮೆಲೇ ಪಿಎಚ್ 8ರ ಬೋರ್‌ವೆಲ್ ನೀರು ಸುರಿದರೆ ಇದ್ದ ಕಸವೇ ಹತ್ತಿರ ಹತ್ತಿರ ಹತ್ತು ಪಟ್ಟು ವಿಷವಾಗುತ್ತದೆ. ಹಾಗಾಗಿ ಬದಲಾವಣೆ ತಪ್ಪಿಸಿದ ತೊಟ್ಟಿಗೆ ಒಂದೇ ಸಲ ದೊಡ್ಡ ಬದಲಾವಣೆ ಬೇಡ. ಹಳೆಯದಕ್ಕೆ ಹೊಂದುವ ಪಿಎಚ್‌ನ ನೀರನ್ನು ಶೇ 20ರಂತೆ ದಿನಕ್ಕೆರಡು ಸಲ ಹಾಕಿ. ಗಡಸು ನೀರಿಗೆ ಒಗ್ಗಿಸುವುದೂ ಹೀಗೆಯೇ, ಪ್ರತಿ ಬದಲಾವಣೆಗೆ ಬೋರ್‌ವೆಲ್ ಪಾಲನ್ನು ತುಸು ಏರಿಸುತ್ತಾ ಎರಡು ವಾರದಲ್ಲಿ.

ಮರಿಗಳು ಹೇಗೆ ಸತ್ತವು ಎಂಬುದರಿಂದಲೇ ಕಾರಣ ತಿಳಿಯುತ್ತದೆ. ಈಜಿದ ಮೂರನೇ ದಿನದಿಂದ ಐದನೇ ದಿನದೊಳಗೆ ಸಣ್ಣ ಹೊಟ್ಟೆ, ದೊಡ್ಡ ತಲೆಯ ಮರಿಗಳು ಒಂದೊಂದೇ ಸತ್ತರೆ ಹಸಿವು. ಹೊಟ್ಟೆ ತುಂಬಿರುವಾಗಲೇ ಒಂದು ರಾತ್ರಿಯಲ್ಲಿ ಗುಂಪಾಗಿ ಸತ್ತರೆ ನೀರು. ಎಲ್ಲವೂ ಮೇಲ್ಪದರಕ್ಕೆ ಬಂದು ಬಾಯಿ ಬಡಿಯುತ್ತಿದ್ದರೆ ಆಮ್ಲಜನಕ ಅಥವಾ ಅಮೋನಿಯ, ಎರಡಕ್ಕೂ ಮೊದಲು ಗಾಳಿ ಹೆಚ್ಚಿಸಿ ಆಮೇಲೆ ಪರೀಕ್ಷೆ. ಕೆಲವಷ್ಟೇ ತಳದಲ್ಲಿ ಹೊಟ್ಟೆ ಎಳೆದುಕೊಂಡು ತೆವಳುತ್ತಿದ್ದು ಉಳಿದವು ಚೆನ್ನಾಗಿದ್ದರೆ ಅವುಗಳ ಗಾಳಿಚೀಲ ಉಬ್ಬಿಲ್ಲ. ಅವು ಸರಿಯಾಗುವುದಿಲ್ಲ, ಕಾಯುವುದು ವ್ಯರ್ಥ. ಅಂಥವನ್ನೂ ಬೆನ್ನು ಬಾಗಿದವನ್ನೂ ಲವಂಗದ ಎಣ್ಣೆ ಚೆನ್ನಾಗಿ ಕದಡಿದ ನೀರಿನಲ್ಲಿ ನೋವಿಲ್ಲದೆ ಕೊನೆಗಾಣಿಸಬಹುದು. ಕೆರೆಗೆ ಬಿಡುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಬೇರೆ ಮೀನುಗಳಾದರೆ

ಮೊಟ್ಟೆಯ ಹಂತದ ನಿಯಮ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ, ಬದಲಾಗುವುದು ಬಾಯಿಯ ಗಾತ್ರ. ಗೌರಾಮಿ, ಟೆಟ್ರಾ ಮರಿಗಳಿಗೆ ಆರ್ಟೀಮಿಯಾ ಕೂಡ ದೊಡ್ಡದು. ಮೊದಲ ವಾರ ಇನ್ಫ್ಯೂಸೋರಿಯಾ, ಅಂದರೆ ನೀರಿನಲ್ಲಿ ಬೆಳೆಯುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಬೇಕು. ಹಳೆಯ ತೊಟ್ಟಿಯ ನೀರಿಗೆ ಬೇಯಿಸಿದ ಎಲೆಕೋಸಿನ ಎಲೆಯ ಚೂರು ಹಾಕಿ 4ರಿಂದ 7 ದಿನ ಇಟ್ಟರೆ ಮೊದಲು ಮಂಕಾಗಿ ಆಮೇಲೆ ತಿಳಿಯಾಗುತ್ತದೆ. ತಿಳಿಯಾದಾಗಲೇ ಬಳಸಬೇಕು, ಮಂಕಾಗಿರುವಾಗ ಅದರಲ್ಲಿರುವುದು ಬ್ಯಾಕ್ಟೀರಿಯಾ, ತಿಳಿಯಾದಾಗ ಅವನ್ನು ತಿಂದು ಬೆಳೆದ ಪ್ಯಾರಮೀಸಿಯಂ. ಜೀಬ್ರಾ ಮೀನು ಅಂಟದ ಮೊಟ್ಟೆ ಉದುರಿಸಿ ಕೂಡಲೇ ತಿನ್ನುವುದರಿಂದ ತಳಕ್ಕೆ ಗೋಲಿ ಹಾಸಬೇಕು. ಬೆಟ್ಟಾ ಗಂಡು ಗುಳ್ಳೆಗೂಡಿನಲ್ಲಿ ತಾನೇ ಕಾಯುತ್ತದೆ, ಅಲ್ಲಿ ಏರ್‌ಸ್ಟೋನ್ ಹಾಕಿದರೆ ಗೂಡೇ ಹೋಗುತ್ತದೆ. ಮರಿಗಳು ಮೇಲಿನ ಗಾಳಿ ಉಸಿರಾಡಲು ಕಲಿಯುವ ಮೂರ್ನಾಲ್ಕನೇ ವಾರ ಮುಚ್ಚಳ ತೆಗೆದು ತಣ್ಣನೆ ಗಾಳಿ ತಾಗಿಸಬಾರದು.

ಏಂಜಲ್ ಮರಿಗಳನ್ನು ಈಜಿದ ಎರಡನೇ ವಾರ 40 ಲೀಟರ್ ತೊಟ್ಟಿಗೆ ಸಾಗಿಸಿ, ಬಲೆಯಲ್ಲಲ್ಲ, ಲೋಟದಲ್ಲಿ ನೀರಿನ ಸಮೇತ. ಮೂರನೇ ವಾರದಿಂದ ಆರ್ಟೀಮಿಯಾಕ್ಕೆ ಮೊದಲು ನಯವಾದ ಪುಡಿ ಆಹಾರ ಕೊಟ್ಟು ಅಭ್ಯಾಸ ಮಾಡಿಸಿ. ಆರ್ಟೀಮಿಯಾ ತಿಂದು ಹೊಟ್ಟೆ ತುಂಬಿದ ಮರಿ ಪುಡಿ ಮುಟ್ಟುವುದಿಲ್ಲ. ಮೂರು ನಾಲ್ಕು ವಾರಕ್ಕೆ ಬೆನ್ನಿನ, ಹೊಟ್ಟೆಯಡಿಯ ರೆಕ್ಕೆಗಳು ನೀಳವಾಗಿ ಏಂಜಲ್ ಆಕಾರ ಬರುತ್ತದೆ. ಇಕ್ಕಟ್ಟಿನಲ್ಲಿ ಬೆಳೆದವುಗಳ ರೆಕ್ಕೆ ಮೊಟಕಾಗಿ ಉಳಿಯುತ್ತದೆ, ಆಮೇಲೆ ಎಷ್ಟು ಜಾಗ ಕೊಟ್ಟರೂ ಸರಿಹೋಗುವುದಿಲ್ಲ. ಆದ್ದರಿಂದ ನಾಲ್ಕನೇ ವಾರದೊಳಗೆ ಒಂದು ಮರಿಗೆ 2 ಲೀಟರ್ ಲೆಕ್ಕ ಹಿಡಿದು, ಇಟ್ಟುಕೊಳ್ಳಬಲ್ಲಷ್ಟನ್ನೇ ಆರಿಸಿ. ಉಳಿದವಕ್ಕೆ ಜಾಗವಿರುವ ಸಾಕಣೆದಾರರನ್ನು ಮೊದಲೇ ಮಾತಾಡಿಟ್ಟುಕೊಳ್ಳಬೇಕು. ಅಂಗಡಿಯವರು ತೆಗೆದುಕೊಳ್ಳುವುದು ಮೈ ರೂಪಾಯಿ ನಾಣ್ಯದಷ್ಟಾದ ಮೇಲೆ. ಅದಕ್ಕೆ ಚೆನ್ನಾಗಿ ತಿನ್ನಿಸಿದರೂ ಆರರಿಂದ ಎಂಟು ವಾರ ಬೇಕು.